ಮೂವತ್ತಾರು ಕಡ್ಲೆಬೀಜದ ಮೇಷ್ಟ್ರು

ತಿಪ್ಪೇಸ್ವಾಮಿ ಮೇಷ್ಟ್ರ ಎಡಗಡೆ ಜೇಬು ಸದಾ ಉಬ್ಬಿರುತ್ತಿತ್ತು. ಹೊಸಬರು ಫೋನ್ ಅಂದುಕೊಳ್ಳುತ್ತಿದ್ದರು. ಅದರೊಳಗೆ ಇದ್ದದ್ದು ಬರಗೂರಿನ ಅವರ ಹೊಲದ ಕಡ್ಲೆಬೀಜ, ಹದವಾಗಿ ಹುರಿದದ್ದು. ಶಿರಾದಲ್ಲಿ ಹಿಟ್ಟಿನ ಗಿರಣಿಯ ಮೇಲಿದ್ದ ಕಂಪ್ಯೂಟರ್ ಕೇಂದ್ರದಲ್ಲಿ ಅವರು ನಮಗೆ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿಸಿದ್ದು ಆ ಬೀಜಗಳಿಂದಲೇ.

ಮೊದಲ ದಿನ ಬೋರ್ಡಿನ ಮೇಲೆ ‘ಶ್ರೀ’ ಎಂದು ಬರೆದು ಎಷ್ಟು ಅಕ್ಷರ ಅಂತ ಕೇಳಿದರು. ಒಂದು ಅಂದೆವು. ಅವರು ಮೇಜಿನ ಮೇಲೆ ಮೂರು ಮೂರು ಬೀಜದ ನಾಲ್ಕು ಗುಪ್ಪೆ ಇಟ್ಟರು.

“ಶ, ಒತ್ತಿಗೆ ಗಂಟು ಹಾಕೋ ಗುರುತು, ರ, ಆಮೇಲೆ ಗುಡಿಸಿನ ದೀರ್ಘ. ಪ್ರಪಂಚದಾಗಿರೋ ಅಕ್ಷರಕ್ಕೆಲ್ಲ ಒಂದೊಂದು ನಂಬರ್ ಕೊಟ್ಟವ್ರೆ, ಅದೇ ಯೂನಿಕೋಡು. ಆ ನಂಬರ್ ಇಡಕ್ಕೆ ಇಂಗ್ಲಿಷಿಗೆ ಒಂದು ಬೈಟ್, ಅಂದ್ರೆ ಒಂದು ಗೂಡು ಸಾಕು, ನಮ್ಮ ಕನ್ನಡಕ್ಕೆ ಮೂರು ಬೇಕು. ಕಣ್ಣಿಗೆ ಒಂದು, ಪೋಣ್ಸಿದ ಸರಕ್ಕೆ, ಅದೇ ಸ್ಟ್ರಿಂಗಿಗೆ ನಾಕು, ಬೈಟಿಗೆ ಹನ್ನೆರಡು. ತಿಳೀತೇನ್ರಲಾ?”

ಬೈಟಿಗೊಂದು ಬೀಜ, ಎಣಿಸಿದ ಮೇಲೆ ಅದು ಎಣಿಸಿದವರ ಹೊಟ್ಟೆಗೆ. ಇದರಿಂದ ಒಂದು ಎಡವಟ್ಟಾಯಿತು. ನನ್ನ ಪಕ್ಕದ ಸಲ್ಮಾ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಐದು ಬೀಜ, ಕನ್ನಡದಲ್ಲಾದರೆ ಹದಿನೈದು. ಒಂದೇ ವಾರದಲ್ಲಿ ನಮ್ಮ ಕ್ಲಾಸಿನಲ್ಲಿ ಕನ್ನಡಾಭಿಮಾನ ಉಕ್ಕಿ ಹರಿಯಿತು. ಸಲ್ಮಾ ಅಂತೂ ಅಪ್ಪ, ಅಜ್ಜ, ಊರು, ಬೀದಿ ಎಲ್ಲ ಸೇರಿಸಿ ಹೆಸರು ಬೆಳೆಸಿದಳು. “ಸ್ಟ್ರಿಂಗ್ ಬರಿಯಮ್ಮ ಅಂದ್ರೆ ವಂಶಾವಳಿ ಬರ್ದಿದೀಯಲ್ಲ,” ಎಂದು ಗೊಣಗುತ್ತಲೇ ಮೇಷ್ಟ್ರು ಜೇಬು ಬರಿದು ಮಾಡಿಕೊಂಡರು. ಅವರದು ಒಂದೇ ನಿಯಮ: “ಮೊದ್ಲು ಎಣ್ಸಿ, ಆಮೇಲೆ ತಿನ್ನಿ.”

ಇಂಥವರ ಕೊರಳಿನ ಗುರುತಿನ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ಕನ್ನಡ ಮೂಡದೆ ಬರೀ ಖಾಲಿ ಚೌಕಗಳಿದ್ದವು. ತಿದ್ದಿಸಲು ಎರಡು ಸಲ ವಾಪಸು ಕಳಿಸಿದರು, ಎರಡು ಸಲವೂ ಚೌಕಗಳೇ ಬಂದವು.

“ನನ್ನ ಕಂಡ್ರೆ ಕಂಪ್ಯೂಟ್ರಿಗೇ ನಾಚ್ಕೆ ಕಣಮ್ಮ. ಇಲ್ಲಿಂದ ಹೋಗೋದ್ರೊಳ್ಗೆ ಒಂದ್ಸಲನಾದ್ರೂ ನನ್ನ ಹೆಸ್ರು ಪೂರ್ತಿ ಬಂದುಬುಟ್ರೆ ಸಾಕು,” ಎಂದರು ಒಮ್ಮೆ. ಅವರ ಮುಖ ನೋಡಿ ನಾನು ಬರಿಸ್ತೀನಿ ಸಾರ್ ಎಂದು ಮಾತು ಕೊಟ್ಟುಬಿಟ್ಟೆ.

ಪಾವಗಡದಾಚೆಯ ತಿರುಮಣಿಯಲ್ಲಿ ಮಗಳ ಮನೆ ಹತ್ತಿರ ಹೊಸ ಕೇಂದ್ರ ತೆರೆಯಲು ಅವರು ಹೊರಟರು. ಬೀಳ್ಕೊಡುಗೆಯ ದಿನ ಬಾಗಿಲ ಮೇಲಿನ ದೀಪದ ಬೋರ್ಡಿನಲ್ಲಿ ಅವರ ಹೆಸರು ಮೂಡಿಸುವ ಪ್ರೋಗ್ರಾಂ ನನ್ನದು. ಎಷ್ಟು ಬೈಟ್ ಕಳಿಸಬೇಕೆಂದು ನಾನೇ ಬರೆಯಬೇಕಿತ್ತು. ಎಣಿಸಲೆಂದು ಮೇಷ್ಟ್ರ ಹತ್ತಿರವೇ ಒಂದು ಹಿಡಿ ಬೀಜ ಕೇಳಿ ತಂದಿದ್ದೆ. ಬೆಳಿಗ್ಗೆ ತಿಂಡಿ ಆಗಿರಲಿಲ್ಲ. ಎಣಿಸುವ ಮೊದಲೇ ಅಷ್ಟನ್ನೂ ತಿಂದು ಮುಗಿಸಿದೆ. ತಿ, ಪ್ಪೇ, ಸ್ವಾ, ಮಿ, ನಾಲ್ಕೇ ಅಕ್ಷರ ತಾನೇ, ಮೂವತ್ತೆರಡು ಬೈಟ್ ಧಾರಾಳವಾಯಿತು ಎಂದು ಬರೆದೆ. ಒಮ್ಮೆ ಓಡಿಸಿ ನೋಡುವ ವ್ಯವಧಾನವೂ ಇರಲಿಲ್ಲ ನನ್ನ ಮೂತಿಗೆ.

ಎಲ್ಲರೂ ಮೆಟ್ಟಿಲ ಕೆಳಗೆ ನಿಂತಾಗ ಸ್ವಿಚ್ ಒತ್ತಿದೆ. ಕೆಂಪಗೆ ‘ತಿಪ್ಪೇಸ್ವಾ’ ಎಂದು ಬಂತು. ಅದರ ಬಾಲಕ್ಕೆ ಒಂದು ಖಾಲಿ ಚೌಕ.

ಮೇಷ್ಟ್ರು ತಲೆಯೆತ್ತಿ ಬೆರಳು ಮಡಚಿ ಎಣಿಸಿದರು. “ಮೂವತ್ತಾರು ಬೇಕಾದ ಕಡೆ ಮೂವತ್ತೆರಡು ಕೊಟ್ಟಿದೀಯ. ‘ಮ’ಕ್ಕೆ ಎರಡೇ ಸಿಕ್ಕವೆ, ಪಾಪ, ಅದಕ್ಕೇ ಚೌಕ ಆಗಿ ಕುಂತೈತೆ. ಎಣ್ಸೋಕೆ ಮುಂಚೆನೇ ತಿಂದುಬುಟ್ಟೇನಮ್ಮ?”

ನನಗೆ ಅಳು ಬಂದುಬಿಟ್ಟಿತು. ಪಾವಗಡದ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು, ಸರಿಪಡಿಸಲು ಹೊತ್ತಿರಲಿಲ್ಲ. ಅವರು ಜೇಬಿಗೆ ಕೈ ಹಾಕಿ ನಾಲ್ಕು ಬೀಜ ತೆಗೆದು ನನ್ನ ಅಂಗೈಗೆ ಹಾಕಿದರು.

“ಒಂದು ‘ಮ’ಕ್ಕೆ, ಮೂರು ಗುಡಿಸಿಗೆ. ಮಿಕ್ಕಿದ ಹೆಸ್ರು ನಿನ್ನತ್ರನೇ ಇರ್ಲಿ ಬುಡು,” ಎಂದು ಬಸ್ ಹತ್ತಿದರು. ಮತ್ತೆ ಅವರನ್ನು ಕಂಡಿಲ್ಲ.

ಅಂದು ಸಂಜೆಯೇ ಪ್ರೋಗ್ರಾಂ ಸರಿಮಾಡಿ, ಪೂರ್ತಿ ಹೆಸರು ಬರುವ ವಿಡಿಯೊ ಕಳಿಸಿದೆ. ಉತ್ತರ ಬಂತು: “ಎಣಿಸಿದೆ. ಮೂವತ್ತಾರೂ ಇವೆ. ಈಗ ತಿನ್ನು.”

ಹಸಿವೇನೋ ಇತ್ತು. ಆದರೂ ಆ ನಾಲ್ಕು ಬೀಜ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿವೆ.