ಯಜಮಾನರ ಒಂದು ಸಹಿ

ಬೆಳಗ್ಗೆ ಏಳಕ್ಕೆ ಪುತ್ತೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕೊನೆಯ ಪರೀಕ್ಷೆ ನಡೆಸುತ್ತಿದ್ದೆ. ನಮ್ಮ ಕಡೆಯ ಆಡುಮಾತಿನಲ್ಲೇ ಉತ್ತರಿಸುವ ಯಂತ್ರ ಅದು. ನಂಬಬಹುದಾದ ಭಾಷಾ ಎಐ ಕುರಿತು ಪಿಎಚ್‌ಡಿ ಮಾಡಲು ನನಗೆ ಫೆಲೋಶಿಪ್ ಸಿಕ್ಕಿತ್ತು. ಮಧ್ಯಾಹ್ನ ಸುಳ್ಯದ ಬಳಿಯ ಆಲೆಟ್ಟಿಯಲ್ಲಿ, ಯಂತ್ರಕ್ಕೆ ಕಲಿಸಲು ತಮ್ಮ ಮಾತು ರೆಕಾರ್ಡ್ ಮಾಡಲು ಬಿಟ್ಟ ಜನರ ಎದುರೇ ಅದನ್ನು ತೋರಿಸಬೇಕಿತ್ತು. ಫೆಲೋಶಿಪ್ ಸಮಿತಿಯವರು ವಿಡಿಯೋದಲ್ಲಿ ನೋಡುವವರಿದ್ದರು.

'ತಂಗಿಯ ಮದುವೆ' ಎಂದು ಟೈಪ್ ಮಾಡಿದೆ. ಯಂತ್ರ ಮುಂದುವರಿಸಿತು: "ತಂಗಿಯ ಮದುವೆ ಒಂದು ಮುಗೀಲಿ, ಮಗುವನ್ನು ಕರ್ಕೊಂಡು ಕಡಬಕ್ಕೆ ಹೋಗುದು, ಮತ್ತೆ ಈ ಮನೆಗೆ ಬರುದಿಲ್ಲ. ಇವರಿಗೆ ಗೊತ್ತಾದ್ರೆ ಕೊಂದೇ ಹಾಕ್ತಾರೆ."

ಇದು ಯಂತ್ರ ಹೆಣೆದ ಮಾತಲ್ಲ. ಕಲಿಸಿದ್ದು ಕಡಿಮೆಯಾದರೆ ಅದು ಕೇಳಿದ್ದನ್ನೇ ಬಾಯಿಪಾಠ ಒಪ್ಪಿಸುತ್ತದೆ. ರೆಕಾರ್ಡಿಂಗ್ ಹುಡುಕಿದೆ. ಆಲೆಟ್ಟಿಯ ಮನೆಯೊಂದರಲ್ಲಿ ಅಡಿಕೆ ಸುಲಿಯುವ ಜಗಲಿ. ಉಳಿದವರು ಚಹಾಕ್ಕೆ ಎದ್ದು ಹೋದಾಗ, ಸುಲಿಯಲು ಬಂದಿದ್ದ ಪಕ್ಕದ ಮನೆಯ ಅಕ್ಕ ನನ್ನೊಂದಿಗೆ ಕೂತು ಹೇಳಿದ ಮಾತು ಅದು. ರೆಕಾರ್ಡರ್ ನಿಲ್ಲಿಸಿರಲಿಲ್ಲ.

ಅವರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಒಪ್ಪಿಗೆ ಪತ್ರ ಹಂಚಲು ಹೊರಟಾಗ ಆ ಮನೆಯ ಯಜಮಾನರು ನಕ್ಕಿದ್ದರು.

"ಎಂತ ಮಾರಾಯ್ತಿ, ಒಬ್ಬೊಬ್ಬರ ಸಹಿ ಎಂತಕ್ಕೆ? ನನ್ನ ಜಗಲಿಯಲ್ಲಿ ಕೂತವರೆಲ್ಲ ನಮ್ಮವರೇ. ನಾನು ಹಾಕಿದ್ರೆ ಸಾಕು."

ಹೊರಗಿನವರಾಗಿದ್ದರೆ ಒಪ್ಪುತ್ತಿರಲಿಲ್ಲ. ನಾನು ಇಲ್ಲಿಯವಳು, ಮನೆಗೊಬ್ಬರು ಎಲ್ಲರ ಪರವಾಗಿ ಹೂಂ ಎನ್ನುವುದನ್ನು ನೋಡಿ ಬೆಳೆದವಳು. ಸರಿ ಎಂದುಬಿಟ್ಟಿದ್ದೆ. ನಂಬಿಕೆಯ ಬಗ್ಗೆ ಪುಟಗಟ್ಟಲೆ ಬರೆದವಳ ಬುದ್ಧಿಗೆ ಅವತ್ತು ಮಂಕು ಬಡಿದಿತ್ತು.

ನನ್ನ ಗೈಡ್‌ಗೆ ಫೋನ್ ಮಾಡಿದೆ. "ಆ ಪ್ರಶ್ನೆಯೊಂದನ್ನು ಕೇಳದಿದ್ದರಾಯಿತು," ಎಂದರು.

"ಕೇಳುವವರು ಊರಿನವರು, ಸರ್. ಅಕ್ಕನ ಗಂಡನೂ ಅಲ್ಲೇ ಇರ್ತಾರೆ."

"ಇವತ್ತು ತೋರಿಸದಿದ್ದರೆ ಫೆಲೋಶಿಪ್ ಮುಂದುವರಿಯುವುದು ಕಷ್ಟ, ನೋಡಿ."

ಸಿಟ್ಟು ನೆತ್ತಿಗೇರಿತು, ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಸುಳ್ಯದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗವಚಿ ಹಿಡಿದಿದ್ದೆ.

ಆಲೆಟ್ಟಿ ತಲುಪಿದಾಗ ಯಜಮಾನರ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದವರು ಅಕ್ಕನ ಗಂಡನೇ. "ಬನ್ನಿ, ಬನ್ನಿ. ಮಿಷನ್ ತಂದ್ರಾ? ಮೊದಲ ಪ್ರಶ್ನೆ ನನ್ನದು ಆಯ್ತಾ," ಎಂದು ನಕ್ಕರು.

"ಇವತ್ತು ಆಗುದಿಲ್ಲ. ತಪ್ಪು ನನ್ನದು," ಎಂದೆ.

ಯಜಮಾನರ ಮುಖ ಸಪ್ಪಗಾಯಿತು. "ಊರಿಗೆಲ್ಲ ಹೇಳಿ ಆಗಿದೆಯಲ್ಲ ಮಾರಾಯ್ತಿ!" ಅಡುಗೆಮನೆಯಲ್ಲಿ ಪಾಯಸದ ಪರಿಮಳ. ನೀರು ಕುಡಿಯುವ ನೆಪ ಹೇಳಿ ಹಿತ್ತಲಿಗೆ ಹೋದೆ.

ಅಕ್ಕ ನಳ್ಳಿಯ ಬಳಿ ಲೋಟ ತೊಳೆಯುತ್ತಿದ್ದರು. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಅವರು ನಳ್ಳಿ ನಿಲ್ಲಿಸಲಿಲ್ಲ, ಇನ್ನಷ್ಟು ಜೋರಾಗಿ ತಿರುಗಿಸಿದರು.

"ಇವರಿಗೆ ಗೊತ್ತುಂಟಾ?"

"ಇಲ್ಲ. ನಿಮ್ಮ ಮಾತು ಪೂರ್ತಿ ಅಳಿಸ್ತೇನೆ ಅಕ್ಕ. ಯಂತ್ರಕ್ಕೆ ಮೊದಲಿನಿಂದ ಕಲಿಸ್ತೇನೆ."

ಅವರು ನನ್ನ ಮುಖವನ್ನೇ ನೋಡಿದರು.

"ಮಿಷನ್‌ದು ನನಗೆ ಅರ್ಥ ಆಗುದಿಲ್ಲ. ನಾನು ಹೇಳಿದ್ದು ನಿಮ್ಮತ್ರ. ಹೇಳಿ ಮೂರು ತಿಂಗಳಾಯ್ತು. ನಿಮಗೆ ಇವತ್ತು ಗೊತ್ತಾದದ್ದಾ?"

ಆ ದಿನ ಅವರು ಅದನ್ನು ಹೇಳುತ್ತಿದ್ದಾಗ ನಾನು ಎದುರೇ ಕೂತು, ಒಟ್ಟು ಎಷ್ಟು ಗಂಟೆಯ ಮಾತು ಸಿಕ್ಕಿತೆಂದು ಮೊಬೈಲಿನಲ್ಲಿ ನೋಡುತ್ತಿದ್ದೆ.

"ಹೌದು ಅಕ್ಕ," ಎಂದೆ.