ಎಡ ಬಲ ತಿದ್ದುವ ಪೇಂಟರ್ ಮಾಮ

ಬೆಳಗಿನ ಆರು ಗಂಟೆ. ಶಾಲೆ ಶುರುವಾಗಲು ಇನ್ನೂ ಮೂರು ತಾಸಿದೆ. ಏಳನೇ ತರಗತಿಯ ಗೋಡೆಗೆ ಏಣಿ ಒರಗಿಸಿಕೊಂಡು ಪೇಂಟರ್ ಮಾಮ ಎರಡು ಅಕ್ಷರ ಉಜ್ಜಿ ಅಳಿಸುತ್ತಿದ್ದಾರೆ. ಗೋಡೆಯ ಮೇಲೆ ಆಳೆತ್ತರದ ಮನುಷ್ಯ ನಮ್ಮತ್ತ ಮುಖ ಮಾಡಿ ನಿಂತಿದ್ದಾನೆ. ಮೂಗಿನಿಂದ ಇಳಿದ ದಾರಿ ಶ್ವಾಸನಾಳವಾಗಿ, ಎದೆಯಲ್ಲಿ ಕವಲೊಡೆದು, ಎರಡು ಶ್ವಾಸಕೋಶಗಳನ್ನು ಸೇರುತ್ತದೆ. ಚಿತ್ರ ಸರಿಯಾಗಿಯೇ ಇದೆ, ಬರಹ ತಪ್ಪು. ಮೂರು ಹಾಲೆಗಳಾಗಿ ಭಾಗವಾಗಿರುವ ಬಲ ಶ್ವಾಸಕೋಶಕ್ಕೆ ‘ಎಡ’ ಎಂದೂ, ಎರಡೇ ಹಾಲೆಗಳ ಎಡದ್ದಕ್ಕೆ ‘ಬಲ’ ಎಂದೂ ಬರೆದಿದೆ.

“ನನ್ನ ಎಡಗೈ ಕಡೆ ಇದ್ದದ್ದು ಎಡ ಅಂದ್ಕೊಂಡ್ಬಿಟ್ಟೆ. ಅವನು ನನ್ನ ಎದುರಿಗೆ ನಿಂತಿದಾನೆ ಅನ್ನೋದು ಹೊಳೀಲೇ ಇಲ್ಲ.”

ಇಪ್ಪತ್ತಾರು ವರ್ಷ ಅಂಗಡಿ ಬೋರ್ಡು ಬರೆದ ಕೈ ಇದು. ನಲವತ್ತೊಂದು ಶಾಲೆಗಳಲ್ಲಿ ಇದೇ ಚಿತ್ರ, ಇದೇ ತಪ್ಪು. ಹನ್ನೆರಡು ವರ್ಷ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೋದ ವರ್ಷ ಮಾಮನ ಹೆಂಡತಿಗೆ ಜ್ವರ ಬಂದು ಉಸಿರಾಡುವುದೇ ಕಷ್ಟವಾಯಿತು. ಬಲಗಡೆ ಮಧ್ಯದ ಹಾಲೆಯಲ್ಲಿ ಸೋಂಕಿದೆ ಎಂದರು ಡಾಕ್ಟರು.

“‘ಬಲಗಡೆ ಇರೋದೇ ಎರಡು ಹಾಲೆ ಮೇಡಂ, ಮಧ್ಯದ್ದು ಎಲ್ಲಿಂದ ಬಂತು?’ ಅಂತ ವಾದಕ್ಕೆ ನಿಂತೆ. ಇವಳು ಪಕ್ಕದಲ್ಲೇ ಏದುಸಿರು ಬಿಡ್ತಾ ಕೂತಿದ್ಲು. ಡಾಕ್ಟರಮ್ಮ ನನ್ನೆದುರು ನಿಂತು ‘ಬಲಗೈ ಎತ್ತಿ’ ಅಂದ್ರು, ತಾವೂ ಎತ್ತಿದ್ರು. ಅವರ ಕೈ ನನ್ನ ಎಡಗಡೆ ಇತ್ತು. ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು.”

ಹೆಂಡತಿ ಚೇತರಿಸಿಕೊಂಡಿದ್ದಾರೆ. “ಗೋಡೆ ಮೇಲಿನವನ ಎಡಬಲ ತಿಳೀತಲ್ಲ, ಇನ್ನು ಚಪ್ಪಲಿದೂ ನೋಡಿ ಹಾಕ್ಕೊಳ್ಳಿ” ಎಂದು ಕಾಲೆಳೆಯುತ್ತಾರೆ. ಮಾಮ ಮಾತ್ರ ಡಾಕ್ಟರಮ್ಮನ ಬೆನ್ನುಬಿದ್ದು ಎಲ್ಲ ಕೇಳಿ ತಿಳಿದುಕೊಂಡಿದ್ದಾರೆ. “ಹೃದಯ ಎಡಕ್ಕೆ ವಾಲಿದೆಯಲ್ಲ, ಅದಕ್ಕೆ ಜಾಗ ಬಿಟ್ಟು ಎಡದ್ದು ಚಿಕ್ಕದು. ಕೆಳಗೆ ವಪೆ ಅನ್ನೋ ಸ್ನಾಯುವಿನ ಪರದೆ ಇದೆ, ಅದು ಇಳಿದ್ರೆ ಎದೆ ಅಗಲ ಆಗಿ ಗಾಳಿ ಒಳಕ್ಕೆ, ಏರಿದ್ರೆ ಹೊರಕ್ಕೆ.”

ಹದಿನೇಳು ಗೋಡೆ ಮುಗಿದಿವೆ, ಇಪ್ಪತ್ತನಾಲ್ಕು ಬಾಕಿ. ಎಲ್ಲವೂ ಮಕ್ಕಳು ಬರುವ ಮುಂಚೆಯೇ. “ಅವರ ಮುಂದೆ ಏಣಿ ಹತ್ತೋಕೆ ಮುಖ ಇಲ್ಲ. ‘ಯಾರೂ ನೋಡಿಲ್ಲ, ಬಿಡಿ’ ಅಂತಾರೆ ಕೆಲವು ಹೆಡ್‌ಮೇಷ್ಟ್ರು. ನೋಡಿ ಕಲಿಯೋಕೆ ತಾನೇ ಬರೆದಿದ್ದು?”

ನಾಚಿಕೆ ಅವರೊಬ್ಬರದೇ ಅಲ್ಲ. ಪತ್ರಿಕೆ ಸೇರುವ ಮುಂಚೆ ಎರಡು ವರ್ಷ ಇದೇ ಕೋಣೆಯಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಬಲಕ್ಕೆ ಮೂರು ಹಾಲೆ ಎಂದು ಬರೆದ ಹುಡುಗಿಯೊಬ್ಬಳ ಉತ್ತರಕ್ಕೆ ಕೆಂಪು ಗೀಟು ಎಳೆದಿದ್ದೆ. “ಪುಸ್ತಕದಲ್ಲಿ ಹಾಗೇ ಇದೆ ಸಾರ್” ಎಂದಳು. “ಗೋಡೆ ನೋಡು, ಕಣ್ಣಿಲ್ವಾ?” ಎಂದು ಇಡೀ ತರಗತಿಯನ್ನು ನಗಿಸಿದ್ದೆ. ಪುಸ್ತಕ ತೆರೆದು ನೋಡುವಷ್ಟು ವ್ಯವಧಾನವೂ ನನಗಿರಲಿಲ್ಲ. ಆಮೇಲೆ ಅವಳು ತರಗತಿಯಲ್ಲಿ ಕೈ ಎತ್ತಿದ್ದು ನನಗೆ ನೆನಪಿಲ್ಲ.

ತಲೆ ತಗ್ಗಿಸಿಕೊಂಡೇ ಇದನ್ನು ಮಾಮನಿಗೆ ಹೇಳುತ್ತೇನೆ. ಅವರು ‘ಬಲ’ ಬರೆದು ಮುಗಿಸಿ ಇಳಿಯುತ್ತಾರೆ. ಲೇಖನಕ್ಕೊಂದು ಫೋಟೋ ಬೇಕು ಎಂದಾಗ ಕೈ ಅಡ್ಡ ಹಿಡಿಯುತ್ತಾರೆ.

“ನನ್ನ ಫೋಟೋ ಯಾಕೆ ಸಾರ್? ಅಷ್ಟು ಜಾಗ ಇದ್ರೆ, ಆ ಹುಡುಗಿ ಬರೆದಿದ್ದೇ ಸರಿ ಅಂತ ಹಾಕಿ.”