ಔರಾದಿನಲ್ಲಿ ಬೂಟು ಕಟ್ಟಿ ಕುಳಿತದ್ದು

ಜನವರಿಯ ಒಂದು ಬುಧವಾರ, ಬೆಳಗ್ಗೆ ಆರು ಗಂಟೆ. ಸ್ಥಳ ಔರಾದ್, ನನ್ನ ಹೆಂಡತಿಯ ತವರುಮನೆ. ಹಾಜರಿದ್ದವರು ನಾನು, ಹೆಂಡತಿ, ಅವಳ ತಮ್ಮ, ತಮ್ಮನ ಹೆಂಡತಿ.

ನಾನು ಬೀದರಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ನಿವೃತ್ತನಾದ ಮೇಲೆ ರಜೆಯನ್ನು ಹಲವು ಬಗೆಯಲ್ಲಿ ಕಳೆದು ನೋಡಿದ್ದೇನೆ. ಹಿರಿಯರ ಗುಂಪಿನೊಂದಿಗೆ ಬಸ್ಸಿನಲ್ಲಿ ಯಾತ್ರೆ ಮಾಡಿದೆ. ಏಳುವುದಕ್ಕೂ ಉಣ್ಣುವುದಕ್ಕೂ ಸೀಟಿ ಊದುವವನೊಬ್ಬನಿದ್ದ, ಹಿಡಿಸಿತು. ಭಾಲ್ಕಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಒಂದು ವಾರವಿದ್ದು ಬಂದೆವು. ಈ ಸಲದ್ದು ಹೆಂಡತಿಯ ರಜೆ. ಮದುವೆಯಾದಾಗಿನಿಂದ ಅವಳು ತವರಿಗೆ ಹೋದದ್ದೆಲ್ಲ ಲಗ್ನಕ್ಕೆ, ತಿಥಿಗೆ; ಸಂಜೆಯ ಬಸ್ಸಿಗೆ ವಾಪಸ್. ಒಮ್ಮೆಯಾದರೂ ನಾಲ್ಕು ದಿನ ಪೂರ್ತಿ ಇರಬೇಕೆಂಬುದು ಅವಳ ಆಸೆ. ಹಿಂದಿನ ಸಂಜೆಯಷ್ಟೇ ಬಂದಿದ್ದೆವು.

ಎಂದಿನಂತೆ ಎದ್ದು, ಸ್ನಾನ ಮುಗಿಸಿ, ಬೂಟು ಕಟ್ಟಿ, ಚೀಲ ಪಕ್ಕದಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕುಳಿತೆ. ಹೋಗುವುದೆಲ್ಲಿಗೂ ಇರಲಿಲ್ಲ. ಸಿದ್ಧವಾಗಿ ಕುಳಿತರೇ ನನಗೆ ಬೆಳಗಾದ ಹಾಗೆ.

ಹೆಂಡತಿಯ ತಮ್ಮ ಚಹಾ ತಂದವನು ಅಲ್ಲೇ ನಿಂತ.

"ಯಾಕ್ರಿ ಮಾಮಾ, ನಿದ್ದಿ ಬರ್ಲಿಲ್ಲೇನ್ರಿ?"

"ಚೊಲೊ ಬಂತು."

"ಮತ್ತ ರಾತ್ರಿ ಊಟದಾಗ ಏನರ ಕಮ್ಮಿ ಆಯ್ತೇನ್ರಿ?"

"ಏನೂ ಇಲ್ಲ."

ಬೂಟು ನೋಡಿದ, ಚೀಲ ನೋಡಿದ, ಒಳಗೆ ಹೋದ. ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಬಂದಳು. "ಅಣ್ಣಾವ್ರ, ನಂದೇನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ. ಹೋಳಿಗಿಗೆ ಬ್ಯಾಳಿ ಇಟ್ಟೀನಿ." ಅವಳ ಹಿಂದೆಯೇ ಅವನು ಹೊಸ ಟವೆಲ್, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ಬಂದ.

"ಇವತ್ತು ಯಾವ ಹಬ್ಬ?" ಎಂದು ಕೇಳಿದೆ.

"ಚಾಷ್ಟಿ ಮಾಡಬ್ಯಾಡ್ರಿ ಮಾಮಾ," ಎಂದ. ಮುಖ ಸಣ್ಣದಾಗಿತ್ತು.

ಒಳಗೆ ಹೋದರೆ ಹೆಂಡತಿ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

"ಎಲ್ಲಿಗೆ ಹೊಂಟಿ?"

"ನೀವ ಸಿಟ್ಟಾಗಿ ಹೊಂಟ ಕುಂತೀರಿ. ಅಳಿಯ ಚಹಾಕ್ಕಿಂತ ಮೊದ್ಲ ಬೂಟು ಹಾಕ್ಕೊಂಡು ಬಾಗಿಲದಾಗ ಕುಂತ್ರ ನಮ್ಮ ಮನ್ಯಾಗ ಏನಂತ ತಿಳಿಬೇಕ್ರಿ? ನೀವು ಹೋದ್ರ ನಾ ಒಬ್ಬಾಕಿ ಇಲ್ಲಿ ಹ್ಯಾಂಗ ಇರ್ಲಿ?"

"ಭಾಲ್ಕ್ಯಾಗೂ ಹಿಂಗ ಕುಂತಿದ್ದೆ. ಯಾರೂ ಏನೂ ಅನಲಿಲ್ಲ."

"ಅದು ನಿಮ್ಮ ತಮ್ಮನ ಮನಿ. ಇಲ್ಲಿ ನೀವು ಅಳಿಯ. ತಲಿ ಹಣ್ಣಾದ್ರೂ ಅಳಿಯನ."

"ಸಿಟ್ಟಿಲ್ಲಂತ ಹೇಳಿ ಬರ್ತೀನಿ."

"ಹೇಳಿದ್ರ ಇನ್ನಾ ಸಿಟ್ಟದ ಅಂತಾರ. ಬೂಟು ಬಿಚ್ಚಿ, ಲುಂಗಿ ಉಟ್ಟು, ಮತ್ತ ಮಲಗ್ರಿ."

ಸ್ನಾನವಾದ ಮೇಲೆ ಮಲಗುವುದೇ? ಮಲಗಿದೆ. ಕಣ್ಣು ಮುಚ್ಚಿದ್ದೆ, ನಿದ್ದೆಯಿಲ್ಲ. ಬಾಗಿಲಲ್ಲಿ ಯಾರೋ ಇಣುಕಿದರು. "ಅಕ್ಕಾ, ಮಲಗ್ಯಾರ!" ಎಂಬ ಪಿಸುಮಾತು ಕೇಳಿತು, ಹಿಂದೆಯೇ ಅಡುಗೆಮನೆಯಲ್ಲಿ ನಗು. ಅದರಲ್ಲೊಂದು ನನ್ನ ಹೆಂಡತಿಯದೇ ಇರಬೇಕು. ಅಷ್ಟು ದೊಡ್ಡ ನಗು ನಮ್ಮ ಮನೆಯಲ್ಲಿ ನಾನು ಕೇಳಿರಲಿಲ್ಲ.

ಮಧ್ಯಾಹ್ನ ಹೋಳಿಗೆ ಉಣ್ಣಿಸಿ ಮತ್ತೆ ಮಲಗಿಸಿದರು. ಇದರಲ್ಲಿ ರಜೆ ಯಾವುದು, ಶಿಕ್ಷೆ ಯಾವುದು, ನನಗೆ ಇನ್ನೂ ತಿಳಿದಿಲ್ಲ.

ಸಂಜೆ ಅವಳು ತಮ್ಮನ ಹೆಂಡತಿಯೊಂದಿಗೆ ಕಟ್ಟೆಯ ಮೇಲೆ ಮಾತಿಗೆ ಕುಳಿತಿದ್ದಳು. ಅವಳ ಚೀಲ ಕೋಣೆಯಲ್ಲಿ ಹಾಗೆಯೇ ಇತ್ತು. ಸೀರೆಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದೆ. ಖಾಲಿ ಚೀಲ ಮಡಿಸಿ ಅಟ್ಟದ ಮೇಲಿಟ್ಟೆ.